ಮಾನಪ್ಪನವರ ಹಾಜರಿ

ಮಾನಪ್ಪನವರು ಮೂರೇ ಜನರನ್ನು ಎಣಿಸುವುದಕ್ಕೂ ಬೆರಳು ಚಾಚುತ್ತಿದ್ದರು. ಭಾನುವಾರ ಬೆಳಿಗ್ಗೆ ಕೆರೆಯ ಪಕ್ಕದ ಪಾರ್ಕಿಂಗ್ ಜಾಗದಲ್ಲಿ ಸೈಕಲ್ಲುಗಳನ್ನು ಕಾರಿನಿಂದ ಇಳಿಸಿ, ಹೆಲ್ಮೆಟ್ಟಿನ ಪಟ್ಟಿ ಬಿಗಿದು ನಾವು ಹೊರಡಲು ನಿಂತರೆ, ಮೊದಲು ವಿಲ್ಫ್ರೆಡ್ಡರ ಕಡೆ, ಆಮೇಲೆ ನನ್ನ ಕಡೆ, ಕೊನೆಗೆ ತಮ್ಮ ಎದೆಯ ಕಡೆ ತೋರುಬೆರಳು ತಿರುಗಿಸಿ, ಒಂದು, ಎರಡು, ಮೂರು ಎಂದು ಬಾಯಿಬಿಟ್ಟು ಹೇಳುತ್ತಿದ್ದರು. ನಡುದಾರಿಯಲ್ಲಿ ನೀರು ಕುಡಿಯಲು ನಿಂತಾಗ ಮತ್ತೊಮ್ಮೆ ಎಣಿಕೆ, ವಾಪಸ್ಸು ಬಂದ ಮೇಲೆ ಇನ್ನೊಮ್ಮೆ. ಇರುವುದೇ ಮೂವರು, ಒಬ್ಬರು ತಪ್ಪಿಸಿಕೊಂಡರೆ ಕಣ್ಣಿಗೆ ಕಾಣುವುದಿಲ್ಲವೇ ಎಂದು ನಾನೊಮ್ಮೆ ರೇಗಿದ್ದಕ್ಕೆ, ಕಣ್ಣಿಗೆ ಅಭ್ಯಾಸ ಆಗಿಬಿಡುತ್ತದೆ, ಬೆರಳಿಗೆ ಆಗುವುದಿಲ್ಲ ಎಂದಿದ್ದರು. ವಿಲ್ಫ್ರೆಡ್ ಮಂಗಳೂರಿನವರು, ಇಲ್ಲಿ ಅಮೆರಿಕದಲ್ಲಿ ಮಿಲ್ ಕ್ರೀಕಿನಲ್ಲಿ ಮನೆ, ವಿಮೆಯ ವ್ಯವಹಾರ. ಮಾತಿಗೆ ಬಡತನವಿಲ್ಲದ ಮನುಷ್ಯ. ತಮ್ಮ ಚರ್ಚಿನ ಫಾದರ್ ಕೂಡ ತಮ್ಮ ಕುರಿಗಳನ್ನು ಇಷ್ಟು ಸಲ ಎಣಿಸುವುದಿಲ್ಲ ಎಂದು ಅವರು ಪ್ರತಿ ಭಾನುವಾರ ಹೇಳುತ್ತಿದ್ದರು. ಮಾನಪ್ಪನವರು ಪ್ರತಿ ಭಾನುವಾರ ನಕ್ಕು, ಎಣಿಕೆಯನ್ನು ಮೊದಲಿನಿಂದ ಶುರು ಮಾಡುತ್ತಿದ್ದರು.

ಆರೋಗ್ಯಕ್ಕಾಗಿ ಸೈಕಲ್ ಹತ್ತಿದೆ ಎಂದು ನಾನು ಎಲ್ಲರಿಗೂ ಹೇಳಿಕೊಂಡು ಬಂದಿದ್ದೇನೆ. ನಿಜವೆಂದರೆ ಭಾನುವಾರಕ್ಕೆ ಹೆದರಿ ಹತ್ತಿದೆ. ಗಂಡ ಹೆಂಡತಿ ಬೇರೆಯಾಗಿ ರೆಡ್ಮಂಡಿನ ಮನೆ ಮಾರಿದ ಮೇಲೆ ನಾನು ರೆಂಟನ್ನಿನಲ್ಲಿ ಎರಡನೇ ಮಹಡಿಯ ಒಂದು ಸಣ್ಣ ಅಪಾರ್ಟ್‌ಮೆಂಟಿಗೆ ಬಂದೆ. ವಾರದ ಐದು ದಿನ ಆಫೀಸು ನುಂಗಿಹಾಕುತ್ತಿತ್ತು. ಶನಿವಾರ ಬಟ್ಟೆ, ದಿನಸಿ, ನಿದ್ದೆ. ಭಾನುವಾರ ಮಾತ್ರ ಕುತ್ತಿಗೆಗೆ ಬೀಳುತ್ತಿತ್ತು. ಮೊದಲು ಊಟಕ್ಕೆ ಕರೆಯುತ್ತಿದ್ದ ಕನ್ನಡದ ಮನೆಗಳೆಲ್ಲ ಜೋಡಿಗಳ ಮನೆಗಳು. ಒಬ್ಬಳನ್ನೇ ಹೇಗೆ ಕರೆಯುವುದು ಎಂದು ಅವರಿಗೆ ತಿಳಿಯಲಿಲ್ಲ, ಕರೆಯದಿದ್ದರೆ ನನಗೆ ಏನಾಗುತ್ತದೆ ಎಂದೂ ತಿಳಿಯಲಿಲ್ಲ. ಮಗಳು ಬೇರೆ ರಾಜ್ಯದ ಕಾಲೇಜಿನಲ್ಲಿದ್ದಳು. ನಾನು ಕನ್ನಡದಲ್ಲಿ ಕೇಳಿದ ಹತ್ತು ಪ್ರಶ್ನೆಗೂ “ಐ ಆಮ್ ಫೈನ್ ಅಮ್ಮ” ಎಂಬ ಒಂದೇ ಉತ್ತರ. ಆಫೀಸಿನಲ್ಲಿ ಒಬ್ಬಳು ಊರು ಬಿಡುವಾಗ ತನ್ನ ಗ್ರಾವೆಲ್ ಬೈಕನ್ನು ಮಾರುತ್ತಿದ್ದಳು. ದಪ್ಪ ಚಕ್ರದ, ಕೆಳಗೆ ಬಾಗಿದ ಹ್ಯಾಂಡಲ್ಲಿನ, ಜಲ್ಲಿ ದಾರಿಗೆಂದೇ ಮಾಡಿದ ಸೈಕಲ್ಲು. ತೆಗೆದುಕೊಂಡೆ.

ಮೇಪಲ್ ವ್ಯಾಲಿಯಿಂದ ಬ್ಲ್ಯಾಕ್ ಡೈಮಂಡಿನ ಕಡೆಗೆ ಹೋಗುವ ಆ ದಾರಿಯಲ್ಲಿ ಹಿಂದೆ ಕಲ್ಲಿದ್ದಲಿನ ರೈಲು ಓಡುತ್ತಿತ್ತಂತೆ. ಗಣಿಗಳು ಮುಚ್ಚಿ, ಹಳಿ ಕಿತ್ತು, ಈಗ ಜಲ್ಲಿ ಹಾಸಿದ್ದಾರೆ. ಮೋಟಾರು ಗಾಡಿಗಳಿಗೆ ಪ್ರವೇಶವಿಲ್ಲ. ಎರಡೂ ಕಡೆ ಸೀಡರ್ ಮರಗಳು, ನಡುನಡುವೆ ಕೆರೆಗಳು, ಚಕ್ರದ ಕೆಳಗೆ ಜಲ್ಲಿ ಕಟಕಟ ಎನ್ನುವುದೊಂದೇ ಸದ್ದು. ಮೂರನೆಯ ಭಾನುವಾರವೋ ನಾಲ್ಕನೆಯದೋ, ಆ ದಾರಿಯಲ್ಲಿ ಪಂಕ್ಚರ್ ಆಗಿ, ಟೈರನ್ನು ರಿಮ್ಮಿನಿಂದ ಬಿಡಿಸಲಾಗದೆ ಕೂತು, ಹಾಳಾಗಿ ಹೋಗು ಎಂದು ಚಕ್ರಕ್ಕೆ ಮನಸಾರೆ ಬೈಯುತ್ತಿದ್ದೆ. ಕಾಡಿನಲ್ಲಿ ಯಾರಿಗೆ ಅರ್ಥವಾಗುತ್ತದೆ ಎಂಬ ಧೈರ್ಯ.

“ಬೈದ್ರ ಗಾಳಿ ತುಂಬಂಗಿಲ್ರಿ ಅಕ್ಕಾರ,” ಎಂದು ಬೆನ್ನ ಹಿಂದೆ ಯಾರೋ ಹೇಳಿದರು.

ತಿರುಗಿ ನೋಡಿದರೆ ಗಿಡ್ಡಗೆ, ಎದೆ ಅಗಲದ ಒಬ್ಬ ಮನುಷ್ಯ. ಗೋದಾಮಿನವರು ಕೊಡುವ ಕಿತ್ತಳೆ ಬಣ್ಣದ ಜಾಕೆಟ್ಟು, ಹೆಲ್ಮೆಟ್ಟಿನ ಒಳಗೆ ಉಲ್ಲನ್ ಟೋಪಿ, ಆಫೀಸಿಗೆ ಹಾಕುವಂಥ ಪ್ಯಾಂಟು, ಅದು ಚೈನಿಗೆ ಸಿಕ್ಕದಂತೆ ಕಾಲಿಗೊಂದು ರಬ್ಬರ್ ಬ್ಯಾಂಡು. ನನಗಿಂತ ಹತ್ತು ಹನ್ನೆರಡು ವರ್ಷ ದೊಡ್ಡವರು. ಆದರೂ ಆ ದಿನದಿಂದ ಕೊನೆಯ ದಿನದವರೆಗೆ ನಾನು ಅವರಿಗೆ ಅಕ್ಕಾರ. ಅವರ ಸೀಮೆಯಲ್ಲಿ ಶಾಲೆಯ ಟೀಚರಮ್ಮಂದಿರನ್ನು ಹಾಗೆ ಕರೆಯುತ್ತಾರೆ ಎಂದು ಆಮೇಲೆ ತಿಳಿಯಿತು. ಟೈರು ಬಿಡಿಸಿ, ತೇಪೆ ಹಚ್ಚಿ, ಗಾಳಿ ಹೊಡೆದು ಕೊಡುವಷ್ಟರಲ್ಲಿ ನನ್ನ ಊರು, ಕೆಲಸ, ಮನೆಯಲ್ಲಿ ಎಷ್ಟು ಜನ ಎಂಬುದನ್ನೆಲ್ಲ ಕೇಳಿ ಮುಗಿಸಿದ್ದರು. ಒಬ್ಬಳೇ ಎಂದೆ. ಚೀಲದಿಂದ ಕಾಗದದಲ್ಲಿ ಸುತ್ತಿದ ಕಟಕ ರೊಟ್ಟಿ ತೆಗೆದು ಅರ್ಧ ಮುರಿದು ಕೊಟ್ಟರು, ಮೇಲೆ ಶೇಂಗಾ ಚಟ್ನಿ. ಅಮೆರಿಕದ ಕಾಡಿನಲ್ಲಿ ಮೊಣಕಾಲಿಗೆ ಮಣ್ಣು ಮೆತ್ತಿಕೊಂಡು ತಿಂದ ಆ ರೊಟ್ಟಿಯ ಸದ್ದು ಜಲ್ಲಿಯ ಸದ್ದಿನ ಹಾಗೆಯೇ ಇತ್ತು.

ಹೊರಡುವಾಗ ಒಂದು ಷರತ್ತು ಹಾಕಿದರು. ನನ್ನ ಫೋನಿನಲ್ಲಿ ತಮ್ಮ ನಂಬರನ್ನು ತಾವೇ ಒತ್ತಿ, “ಮನಿ ಮುಟ್ಟಿದ ಮ್ಯಾಲ ಒಂದು ರಿಂಗ್ ಕೊಡ್ರಿ. ನಾ ಎತ್ತಂಗಿಲ್ಲ,” ಎಂದರು.

ಒಂಟಿ ಹೆಂಗಸಿಗೆ ಬರುವ ಅನುಮಾನಗಳೆಲ್ಲ ನನಗೂ ಬಂದವು. ಈಗ ರಿಂಗು ಎನ್ನುತ್ತಾರೆ, ನಾಳೆ ಗುಡ್ ಮಾರ್ನಿಂಗ್ ಕಳಿಸುತ್ತಾರೆ, ನಾಡಿದ್ದು ಕಾಫಿ ಎನ್ನುತ್ತಾರೆ. ಮನೆಗೆ ಬಂದು, ಬಾಗಿಲು ಹಾಕಿ, ನೋಡೇಬಿಡೋಣ ಎಂದು ಒಂದು ರಿಂಗು ಕೊಟ್ಟು ಕಟ್ ಮಾಡಿದೆ. ಗುಡ್ ಮಾರ್ನಿಂಗ್ ಬರಲಿಲ್ಲ, ಕಾಫಿಯೂ ಬರಲಿಲ್ಲ. ಎರಡು ವರ್ಷಕ್ಕೂ ಹೆಚ್ಚು ಕಾಲ ಪ್ರತಿ ಭಾನುವಾರ ನಾನು ಕೊಟ್ಟ ರಿಂಗನ್ನು ಅವರು ಒಂದೇ ಒಂದು ಸಲವೂ ಎತ್ತಲಿಲ್ಲ. ಊರಿನಲ್ಲಿ ಬಸ್ಸಿಳಿದ ಕೂಡಲೇ ಅಪ್ಪನಿಗೆ ಕೊಡುತ್ತಿದ್ದ ಮಿಸ್ಡ್ ಕಾಲನ್ನು ಇಪ್ಪತ್ತು ವರ್ಷದ ಮೇಲೆ ಮತ್ತೆ ಕೊಡಲು ಶುರು ಮಾಡಿದ್ದೆ. ಒಬ್ಬರು ಕಾಯುತ್ತಾರೆ ಎಂಬುದು ಎಷ್ಟು ಸಣ್ಣ ವಿಷಯ. ಅದಿಲ್ಲದವರಿಗೆ ಮಾತ್ರ ಅದರ ಗಾತ್ರ ಗೊತ್ತು.

ಆ ರಿಂಗು ಬರುವ ತನಕ ಮಾನಪ್ಪನವರು ಊಟಕ್ಕೆ ಕೂರುವುದಿಲ್ಲ ಎಂದು ಹೇಳಿದವರು ವಿಲ್ಫ್ರೆಡ್. ನನಗದು ಸುಳ್ಳೆನಿಸಿತ್ತು. ಒಂದು ಭಾನುವಾರ ವಿಲ್ಫ್ರೆಡ್ ರಿಂಗು ಕೊಡುವುದನ್ನು ಮರೆತರು. ಅವರ ಮಗಳ ಹುಟ್ಟುಹಬ್ಬ, ಮನೆ ತುಂಬ ಜನ, ಫೋನು ಕೋಟಿನ ಜೇಬಿನಲ್ಲಿ ಬಿದ್ದಿತ್ತು. ಮಧ್ಯಾಹ್ನ ಮೂರೂವರೆಗೆ ಕರೆಗಂಟೆ ಸದ್ದಾಯಿತು. ತಮ್ಮ ಮನೆಯೂ ಇದ್ದ ರೆಂಟನ್ನಿನಿಂದ ಮಿಲ್ ಕ್ರೀಕಿಗೆ ಒಂದು ಗಂಟೆ ಕಾರು ಓಡಿಸಿಕೊಂಡು ಬಂದ ಮಾನಪ್ಪನವರು ಕಿತ್ತಳೆ ಜಾಕೆಟ್ಟಿನಲ್ಲಿ ಹೊಸ್ತಿಲ ಮೇಲೆ ನಿಂತಿದ್ದರು. ವಿಲ್ಫ್ರೆಡ್ಡರನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಆಮೇಲೆ, ಆಯ್ತು ಬರ್ತೀನಿ ಎಂದು ತಿರುಗಿಯೇಬಿಟ್ಟರು. “ಎಂತ ಮಾರಾಯ್ರೆ, ಕೇಕ್ ಆದ್ರೂ ತಿಂದು ಹೋಗಿ,” ಎಂದು ವಿಲ್ಫ್ರೆಡ್ಡರ ಹೆಂಡತಿ ರಟ್ಟೆ ಹಿಡಿದು ಕೂರಿಸಿದರಂತೆ. ಕೂತವರು ಮೂರು ತಟ್ಟೆ ಬಿರಿಯಾನಿ ತಿಂದರು. ಬೆಳಗಿನಿಂದ ಏನೂ ತಿಂದಿರಲಿಲ್ಲ ಎಂಬುದು ತಿನ್ನುವ ರೀತಿಯಲ್ಲೇ ಗೊತ್ತಾಯಿತು ಎಂದು ವಿಲ್ಫ್ರೆಡ್ ನನಗೆ ಹೇಳುವಾಗ ಮೊದಲು ನಕ್ಕರು, ಕೊನೆಗೆ ನಗಲಿಲ್ಲ.

ಸೈಕಲ್ ಓಡಿಸುವುದರಲ್ಲಿ ಅವರು ನನ್ನ ಗುರು. ಜಲ್ಲಿಯ ಇಳಿಜಾರಿನಲ್ಲಿ ಹೆದರಿ ಮುಂದಿನ ಬ್ರೇಕು ಹಿಂಡುವ ನನ್ನ ಚಟವನ್ನು ಬಿಡಿಸಿದವರು. “ಹ್ಯಾಂಡಲ್ ಕುರಿಮರಿ ಹಿಡದಂಗ ಹಿಡೀರಿ. ಬಿಗಿ ಹಿಡದ್ರ ಒದರತದ, ಸಡಲ ಬಿಟ್ರ ಓಡತದ,” ಎನ್ನುತ್ತಿದ್ದರು. ತಾವು ಮಾತ್ರ ಎತ್ತಿನ ಗಾಡಿಯಷ್ಟೇ ನಿಧಾನ. ಎದುರು ಬಂದವರಿಗೆಲ್ಲ, ಅವರ ನಾಯಿಗಳಿಗೂ ಸೇರಿಸಿ, ಗುಡ್ ಮಾರ್ನಿಂಗ್ ಹೇಳಬೇಕಲ್ಲ. ದಾರಿಯಲ್ಲಿ ಒಂದು ಕಡೆ, ಹಳೆಯ ಸುರಂಗಗಳಿವೆ, ನೆಲ ಕುಸಿಯಬಹುದು ಎಂಬ ಎಚ್ಚರಿಕೆಯ ಫಲಕವಿತ್ತು. ಅಲ್ಲಿಗೆ ಬಂದರೆ ಮಾನಪ್ಪನವರು ಸೈಕಲ್ಲಿನಿಂದ ಇಳಿದು, ಆ ನೂರು ಗಜ ತಳ್ಳಿಕೊಂಡೇ ನಡೆಯುತ್ತಿದ್ದರು. ದಾರಿ ಗಟ್ಟಿಯಾಗಿಯೇ ಇದೆ, ಎಲ್ಲರೂ ಓಡಿಸುತ್ತಾರೆ ಎಂದರೆ, ಕೆಳಗೆ ಜನ ದುಡಿದ ಜಾಗ, ತಲೆಯ ಮೇಲೆ ಸೈಕಲ್ ಓಡಿಸಬಾರದು ಎನ್ನುತ್ತಿದ್ದರು. ಈ ಗಣಿಯವರು ತಮ್ಮ ಬಳಗವೇ ಎಂಬಂತೆ.

ಬಳಗವೇ ಆಗಿತ್ತು. ರಾಯಚೂರು ಸೀಮೆಯ ಒಂದು ಚಿನ್ನದ ಗಣಿಯಲ್ಲಿ ಅವರು ಮೊದಲು ಕೆಲವು ವರ್ಷ ಕೆಳಗೆ ದುಡಿದು, ಆಮೇಲೆ ಗಣಿಯ ಬಾಯಲ್ಲಿ ಹಾಜರಿ ಬಾಬು ಆಗಿದ್ದವರು. ಹೆಂಡತಿ ನರ್ಸು. ಆಕೆಯ ಕೆಲಸದ ವೀಸಾದ ಮೇಲೆ ಇಬ್ಬರೂ ಇಲ್ಲಿಗೆ ಬಂದರು. ಮಕ್ಕಳಿಲ್ಲ. ನಾನು ಪರಿಚಯವಾಗುವ ಮೂರು ವರ್ಷ ಮೊದಲೇ ಆಕೆ ತೀರಿಕೊಂಡಿದ್ದರು. ಮಾನಪ್ಪನವರು ಗೋದಾಮಿನಲ್ಲಿ ಬಂದ ಪೆಟ್ಟಿಗೆ, ಹೋದ ಪೆಟ್ಟಿಗೆ ಎಣಿಸುತ್ತ ಉಳಿದರು. ಊರಿಗೆ ಯಾಕೆ ಹೋಗಲಿಲ್ಲ ಎಂದು ನಾನು ಕೇಳಿದ್ದು ಒಂದೇ ಸಲ. ಅವತ್ತು ಮಳೆ ಜೋರಾಗಿ, ಕೆರೆಯ ಪಕ್ಕದ ಚಾವಣಿಯ ಕೆಳಗೆ ನಾವಿಬ್ಬರೇ ಕೂತಿದ್ದೆವು. ನೀರಿನ ಕಡೆ ನೋಡಿಕೊಂಡು ಅವರು ಹೇಳಿದರು.

ಗಣಿಗೆ ಇಳಿಯುವ ಪ್ರತಿಯೊಬ್ಬನೂ ತನ್ನ ನಂಬರಿನ ಹಿತ್ತಾಳೆ ಬಿಲ್ಲೆಯನ್ನು ತೆಗೆದುಕೊಂಡು ಇಳಿಯಬೇಕು. ಮೇಲೆ ಬಂದವನು ತನ್ನ ಕೈಯಾರೆ ಅದನ್ನು ಕಿಟಕಿಯಲ್ಲಿ ಕೊಡಬೇಕು. ಒಳಗೆ ಕೂತ ಹಾಜರಿ ಬಾಬು ಅದನ್ನು ಹಲಗೆಯ ಮೊಳೆಗೆ ಹಾಕುತ್ತಾನೆ. ಹಲಗೆ ತುಂಬಿದರೆ ಎಲ್ಲರೂ ಮೇಲೆ ಬಂದರೆಂದು ಲೆಕ್ಕ. ಆಗ ಕೆಳಗೆ ಬಂಡೆಗೆ ತುಂಬಿದ ಮದ್ದನ್ನು ಸಿಡಿಸುತ್ತಾರೆ. ಒಂದು ದಿನ ಪಾಳಿ ಮುಗಿದಾಗ ಒಬ್ಬ ಎರಡು ಬಿಲ್ಲೆ ಚಾಚಿದ. ಒಂದು ತನ್ನದು, ಇನ್ನೊಂದು ಗೆಳೆಯನದು. ಅವನು ಕೈಕಾಲು ತೊಳೆಯಲು ಹೋಗಿದ್ದಾನೆ ಎಂದ. ನಿಜಕ್ಕೂ ಆ ಗೆಳೆಯ ಕೆಳಗೇ ಬಿಲ್ಲೆ ಕೊಟ್ಟು, ನೀ ಮುಂದೆ ಹೋಗು, ಹಿಂದೆಯೇ ಬಂದೆ ಎಂದಿದ್ದ. ಜ್ವರವಿತ್ತು, ಒಂದು ಮೂಲೆಯಲ್ಲಿ ಕೂತವನು ಹಾಗೇ ನಿದ್ದೆ ಹೋಗಿದ್ದ. ಕಿಟಕಿಯ ಮುಂದೆ ನೂರು ಜನ ತಳ್ಳಾಡುತ್ತಿದ್ದರು. ಮಾನಪ್ಪ ಎರಡೂ ಬಿಲ್ಲೆಗಳನ್ನು ಮೊಳೆಗೆ ಹಾಕಿದರು.

“ಬೋರ್ಡ್ ತುಂಬಿತ್ರಿ ಅಕ್ಕಾರ. ಮನಶ್ಯಾ ಬಂದಿದ್ದಿಲ್ಲ,” ಎಂದರು. ಒದ್ದೆ ಟೋಪಿ ತೆಗೆದು ಹಿಂಡುತ್ತ, “ನಾ ಮನಿಗಿ ಹೋಗಿ ಉಂಡು ಮಲ್ಕೊಂಡಿದ್ದೆ,” ಎಂದರು.

ಅವರ ತಪ್ಪೆಂದು ಯಾರೂ ಬರೆದುಕೊಡಲಿಲ್ಲ. ಸತ್ತವನ ಮನೆಯವರೂ ಅನ್ನಲಿಲ್ಲ. ಆದರೆ ಆ ಊರಿನ ಸಂತೆಯಲ್ಲಿ, ಬಸ್‌ಸ್ಟ್ಯಾಂಡಿನಲ್ಲಿ ಅವನ ಹೆಂಡತಿ ಎದುರಾದರೆ ಸೆರಗು ಸರಿಮಾಡಿಕೊಂಡು ಪಕ್ಕಕ್ಕೆ ಸರಿದು ದಾರಿ ಬಿಡುತ್ತಿದ್ದಳಂತೆ. ಅದನ್ನು ತಾಳಲಾರದೆ ಊರು ಬಿಟ್ಟವರು ಮತ್ತೆ ಹೋಗಲಿಲ್ಲ.

ಇದೆಲ್ಲ ಗೊತ್ತಿದ್ದೂ ನಾನು ಮಾಡಿದ್ದನ್ನು ಈಗ ಹೇಳಬೇಕು.

ನಾವು ಮೂವರೂ ಒಂದೊಂದು ಚೀಟಿ ಬರೆದು ಒಬ್ಬರಿಗೊಬ್ಬರು ಕೊಟ್ಟುಕೊಂಡಿದ್ದೆವು. ಏನಾದರೂ ಆದರೆ ಯಾರಿಗೆ ತಿಳಿಸಬೇಕು ಎಂದು. ನನಗೆ ಈ ಊರಿನಲ್ಲಿ ಬರೆಯಲು ಯಾರ ಹೆಸರೂ ಇರಲಿಲ್ಲ. ಪೆನ್ನು ಹಿಡಿದು ಬಹಳ ಹೊತ್ತು ಕೂತು, ಕೊನೆಗೆ ಬಿಟ್ಟುಹೋದ ಗಂಡನ ನಂಬರು ಬರೆದೆ. ಅಕ್ಟೋಬರಿನ ಒಂದು ಭಾನುವಾರ ಮನೆಗೆ ಬಂದವಳೇ ರಿಂಗು ಕೊಡದೆ ಸೋಫಾದ ಮೇಲೆ ನಿದ್ದೆಹೋದೆ. ಎಚ್ಚರವಾದದ್ದು ಗಂಡನಾಗಿದ್ದವನ ಫೋನಿನಿಂದ. “ಸುಜಾತಾ, ನೀನು ಸೇಫಾ? ಯಾರೋ ಮಾನಪ್ಪ ಅಂತೆ, ಗಾಬರಿಯಾಗಿ ಕಾಲ್ ಮಾಡಿದ್ರು,” ಎಂದ. ಧ್ವನಿಯಲ್ಲಿ ಕೋಪವಿರಲಿಲ್ಲ, ಕನಿಕರವಿತ್ತು. ಹಿಂದಿನಿಂದ ಅವನ ಹೊಸ ಮನೆಯ ನಗು, ಪಾತ್ರೆಯ ಸದ್ದು ಕೇಳಿಸುತ್ತಿತ್ತು. ಹೆಸರು ಬರೆಯಲೂ ಇನ್ನೊಬ್ಬರಿಲ್ಲದ ನನ್ನ ಬದುಕು ಅವನ ಊಟದ ಮೇಜಿನ ಮೇಲೆ ಹರಡಿಕೊಂಡಂತಾಯಿತು.

ಮಾನಪ್ಪನವರಿಗೆ ಫೋನು ಮಾಡಿ ಬಾಯಿಗೆ ಬಂದಂತೆ ಅಂದೆ. ಇದು ನಿಮ್ಮ ಗಣಿಯಲ್ಲ, ನಾನು ನಿಮ್ಮ ಆಳಲ್ಲ, ನನ್ನ ಹಾಜರಿ ಹಿಡಿಯಲು ನೀವು ಯಾರು ಎಂದೂ ಅಂದೆ. ಅವರು ಎರಡೇ ಮಾತು ಹೇಳಿದರು. ತಪ್ಪಾಯಿತು ಎಂದರು, ಇನ್ನು ಆ ನಂಬರಿಗೆ ಮಾಡುವುದಿಲ್ಲ ಎಂದರು. ಮುಂದಿನ ಭಾನುವಾರ ಸಿಕ್ಕಾಗ ನಾನು ಮುಖ ಬಿಗಿದುಕೊಂಡೇ ಇದ್ದೆ. ಅವರು ನನ್ನ ಕಡೆ ಬೆರಳು ತೋರುವಾಗ ಒಂದು ಕ್ಷಣ ಹಿಂಜರಿದರು.

ಅದಾದ ಹದಿನೈದು ದಿನಕ್ಕೆ ವಿಲ್ಫ್ರೆಡ್ ಮಂಗಳೂರಿಗೆ ಹೋದರು. ಮಾನಪ್ಪನವರಿಗೆ ಕೆಮ್ಮು ಹಿಡಿದಿತ್ತು, ಬರಲಾರೆ, ಆದರೆ ರಿಂಗು ಮರೆಯಬೇಡಿ ಎಂದು ಮೆಸೇಜು ಕಳಿಸಿದ್ದರು. ಆ ಸಾಲನ್ನು ಓದಿ ನನ್ನ ಸಿಟ್ಟು ಮತ್ತೆ ಹೊತ್ತಿಕೊಂಡಿತು. ಒಬ್ಬಳೇ ಹೊರಟೆ. ಮಧ್ಯಾಹ್ನ ಒಂದು ಗಂಟೆಗೆ ಕೆರೆಯ ದಂಡೆಯ ಬೆಂಚಿನ ಮೇಲೆ ಕೂತು, ಮನೆಯಿಂದ ಅಷ್ಟು ದೂರದಲ್ಲಿ, ಫೋನು ತೆಗೆದು ಒಂದು ರಿಂಗು ಕೊಟ್ಟೆ. ತಗೊಳ್ಳಿ ನಿಮ್ಮ ಹಾಜರಿ ಎಂದು ಗಟ್ಟಿಯಾಗಿ ಹೇಳಿದ್ದೂ ನೆನಪಿದೆ. ಕಟ್ ಮಾಡಿ ಫೋನು ಒಳಗಿಟ್ಟಾಗ ಶಾಲೆ ತಪ್ಪಿಸಿದ ಹುಡುಗಿಯಷ್ಟು ಹಗುರವಾಗಿದ್ದೆ.

ಆಮೇಲೆ ನಾವು ಎಂದೂ ಹೋಗದ ಒಂದು ಕವಲುದಾರಿಗೆ ತಿರುಗಿದೆ. ಕಾಡಿನೊಳಗೆ ಎಷ್ಟೋ ದೂರ ಹೋದ ಮೇಲೆ ಒಂದು ಇಳಿಜಾರು. ಒದ್ದೆ ಎಲೆಗಳ ಕೆಳಗೆ ಸಡಿಲ ಜಲ್ಲಿ. ಹಳೆಯ ಚಟ ಬಂದು ಮುಂದಿನ ಬ್ರೇಕು ಹಿಂಡಿದೆ. ಬಿದ್ದಾಗ ಪಾದ ಸೈಕಲ್ಲಿನ ಕೆಳಗೆ ತಿರುಚಿಕೊಂಡಿತು, ಮುಂದಿನ ಚಕ್ರ ಡೊಂಕಾಯಿತು. ಫೋನಿಗೆ ಸಿಗ್ನಲ್ ಇರಲಿಲ್ಲ. ಮಳೆ ಶುರುವಾಯಿತು. ಸೈಕಲ್ಲನ್ನು ಊರುಗೋಲು ಮಾಡಿಕೊಂಡು ಮೂರೂವರೆ ಗಂಟೆ ನಡೆದೆ. ಒಬ್ಬರೂ ಎದುರು ಬರಲಿಲ್ಲ. ಮೊದಲ ಅರ್ಧ ಗಂಟೆ ನೋವಿನ ಯೋಚನೆ, ಆಮೇಲೆ ಬೇರೆಯೇ ಯೋಚನೆ. ಇಲ್ಲೇ ಕೂತುಬಿಟ್ಟರೆ ಯಾರು ಹುಡುಕುತ್ತಾರೆ? ಆಫೀಸಿನವರು ಮಂಗಳವಾರ ಕೇಳಬಹುದು, ಮಗಳು ಗುರುವಾರ. ಈವತ್ತೇ, ಈಗಲೇ ಹುಡುಕುವಂಥ ಒಬ್ಬರು ಈ ಭೂಮಿಯ ಮೇಲಿದ್ದರು. ಅವರನ್ನು ನಾನೇ ಹೆಬ್ಬೆಟ್ಟಿನಿಂದ ಒಂದು ರಿಂಗು ಒತ್ತಿ ಊಟಕ್ಕೆ ಕೂರಿಸಿದ್ದೆ. ಅವರ ಲೆಕ್ಕದ ಪ್ರಕಾರ ನಾನು ಮನೆಯಲ್ಲಿದ್ದೆ. ಅಷ್ಟು ಒಂಟಿಯಾಗಿ ನಾನು ವಿಚ್ಛೇದನದ ದಿನವೂ ಇರಲಿಲ್ಲ.

ಹೇಗೋ ಮನೆ ಮುಟ್ಟಿದ ಮೇಲೂ ಮಾನಪ್ಪನವರಿಗೆ ನಿಜ ಹೇಳಲು ಬಾಯಿ ಬರಲಿಲ್ಲ. ಅಪಾರ್ಟ್‌ಮೆಂಟಿನ ಮೆಟ್ಟಿಲಿನಲ್ಲಿ ಕಾಲು ಉಳುಕಿತು ಎಂದೆ. ಮಾನಪ್ಪನವರು ಮಾರನೆಯ ದಿನವೇ ಕೆಮ್ಮುತ್ತ ಬಂದರು. ನನ್ನನ್ನು ನೋಡುವ ಮೊದಲು ಮೆಟ್ಟಿಲುಗಳನ್ನು ನೋಡಿದರು. ಒಂದೊಂದನ್ನೂ ಹಿಮ್ಮಡಿಯಿಂದ ಗುದ್ದಿ ನೋಡಿ, ಮೂರನೆಯದು ಅಲುಗುತ್ತದೆ ಎಂದು ಕಂಡುಹಿಡಿದು, ಕೆಳಗಿನ ಆಫೀಸಿಗೆ ಹೋಗಿ ತಮ್ಮ ಇಂಗ್ಲಿಷಿನಲ್ಲಿ ಜಗಳವಾಡಿದರು. ಅದು ನಿಜಕ್ಕೂ ಅಲುಗುತ್ತಿತ್ತು. ಆ ವಾರದಲ್ಲೇ ಬಡಗಿ ಬಂದು ರಿಪೇರಿ ಮಾಡಿ ಹೋದ. ಅದರ ಮೇಲೆ ಕಾಲಿಟ್ಟಾಗಲೆಲ್ಲ ನನಗೆ ಮೈ ಉರಿಯುತ್ತಿತ್ತು. ಸಾಲದ್ದಕ್ಕೆ, ವಿಲ್ಫ್ರೆಡ್ ವಾಪಸ್ಸು ಬಂದ ಮೇಲೆ ಅವರೆದುರು, ರಿಂಗಿನ ವಿಷಯದಲ್ಲಿ ನನ್ನನ್ನು ನೋಡಿ ಕಲಿಯಬೇಕು ಎಂದು ಹೊಗಳುತ್ತಿದ್ದರು.

ಕೆಮ್ಮು ಹೋಗಲಿಲ್ಲ. ಗಣಿಯೊಳಗೆ ದುಡಿದ ವರ್ಷಗಳ ಕಲ್ಲಿನ ಧೂಳು ಪುಪ್ಪುಸದಲ್ಲಿ ಹೆಪ್ಪುಗಟ್ಟಿದೆ ಎಂದು ಡಾಕ್ಟರು ಹೇಳಿದರು. ಚಳಿಗಾಲ ಕಳೆಯುವುದರೊಳಗೆ ಮೂಗಿಗೆ ಆಮ್ಲಜನಕದ ನಳಿಗೆ ಬಂತು, ಕೆಲಸ ಹೋಯಿತು, ಮನೆ ಬಿಟ್ಟು ಆರೈಕೆ ಕೇಂದ್ರವೊಂದರ ಕೋಣೆಗೆ ಹೋಗಬೇಕಾಯಿತು. ವಿಲ್ಫ್ರೆಡ್ ಬುಧವಾರ, ನಾನು ಸೋಮವಾರ ಹೋಗಿ ಬರುತ್ತಿದ್ದೆವು. ನೀವು ಸೈಕಲ್ ಬಿಡಬೇಡಿ, ರಿಂಗು ಬಿಡಬೇಡಿ ಎನ್ನುತ್ತಿದ್ದರು. ಫೋನು ದಿಂಬಿನ ಪಕ್ಕದಲ್ಲೇ ಇರುತ್ತಿತ್ತು. ಭಾನುವಾರ ಮನೆಗೆ ಬಂದು ನಾನು ರಿಂಗು ಕೊಡುತ್ತಿದ್ದೆ. ಆ ಕೋಣೆಯಲ್ಲಿ ಅವರು ಊಟದ ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಳ್ಳುತ್ತಿದ್ದರು ಎಂದು ಅಲ್ಲಿನ ಆಯಾ ಹೇಳಿದಳು.

ಅದನ್ನು ಕೇಳಿದ ಮೇಲೆ ನನಗೆ ಸುಮ್ಮನಿರಲಾಗಲಿಲ್ಲ. ಏಪ್ರಿಲಿನ ಒಂದು ಸೋಮವಾರ, ಅವರ ಮಧ್ಯಾಹ್ನದ ಊಟ ಬಂದ ಹೊತ್ತಿಗೆ, ಎಲ್ಲ ಹೇಳಿಬಿಟ್ಟೆ. ಬೆಂಚು, ಒಂದು ಗಂಟೆಯ ಸುಳ್ಳು ರಿಂಗು, ಮೆಟ್ಟಿಲಿನ ಸುಳ್ಳು. ಇದನ್ನು ಅವರಿಗಾಗಿ ಹೇಳಿದೆನೋ ನನ್ನ ಎದೆ ಹಗುರ ಮಾಡಿಕೊಳ್ಳಲು ಹೇಳಿದೆನೋ ಈಗಲೂ ಗೊತ್ತಿಲ್ಲ. ಅವರು ಕೈಯಲ್ಲಿದ್ದ ಚಮಚ ಕೆಳಗಿಟ್ಟರು. ಮುಖದ ಬಣ್ಣ ಇಳಿದುಹೋಯಿತು. ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು.

“ಆವತ್ತೂ ನಾ ಉಂಡೆ,” ಎಂದರು. “ಉಂಡು ಮಲ್ಕೊಂಡೆ. ಚಂದ ನಿದ್ದಿ ಬಂದಿತ್ತು.”

ಕ್ಷಮಿಸಿ ಎನ್ನಲು ಹೋದೆ. ಕೈಯೆತ್ತಿ ತಡೆದರು.

“ನೀವು ಸುಳ್ಳು ಹೇಳಿದ್ದಕ್ಕ ಸಿಟ್ಟಿಲ್ರಿ. ನಾ ಮತ್ತೊಮ್ಮೆ ನಂಬಿದೆ ನೋಡ್ರಿ, ಅದಕ್ಕ ಸಿಟ್ಟು.” ಉಸಿರು ತೆಗೆದುಕೊಂಡರು. “ಎಲ್ಲಿ ಬಿದ್ರಿ? ಅಲ್ಲಿಂದ ಹೇಳ್ರಿ.”

ಹೇಳಿದೆ. ಇಳಿಜಾರು ಎಂದೆ; ಯಾವ ಇಳಿಜಾರು, ಬಿದ್ದ ಮರದ ಈಚೆಗೋ ಆಚೆಗೋ ಎಂದು ಕೇಳಿದರು. ಅವರಿಗೆ ಆ ಕವಲುದಾರಿಯೂ ಗೊತ್ತಿತ್ತು. ಮುರಿದ ಬೇಲಿ ದಾಟಿದೆ ಎಂದರೆ, ಹಳ್ಳದ ಹತ್ತಿರ ಹೇಗೆ ದಾಟಿದಿರಿ, ನೀರಿತ್ತೇ ಎಂದರು. ಯಾವ ಕಾಲು, ಎಷ್ಟು ಸಲ ಕೂತಿರಿ, ಕುಡಿಯಲು ನೀರಿತ್ತೇ. ನಾನು ಬೇಗ ಮುಗಿಸಲು ನೋಡಿದರೆ ಹಿಂದಕ್ಕೆ ಕರೆದುಕೊಂಡು ಹೋಗಿ ಬಿಟ್ಟ ಜಾಗದಿಂದ ಮತ್ತೆ ನಡೆಸುತ್ತಿದ್ದರು. ಆಯಾ ತಟ್ಟೆ ತೆಗೆಯಲು ಬಂದಳು, ಆಮೇಲೆ ಬಾ ಎಂದು ಕಳಿಸಿದರು. ಮುಕ್ಕಾಲು ಗಂಟೆ ಆ ಕಾಡಿನಲ್ಲಿ ಅವರು ನನ್ನ ಜೊತೆ ನಡೆದರು. ಪಾರ್ಕಿಂಗ್ ಜಾಗ ಬಂತು, ಕಾರು ಬಂತು, ರೆಂಟನ್ನು ಬಂತು, ಮೆಟ್ಟಿಲು ಬಂತು. ನಾನು ಅಳುತ್ತಿದ್ದೆ.

“ಬಾಗಲಾ ಹಾಕಿದ್ರಿ?”

“ಹಾಕ್ಕೊಂಡೆ.”

“ಚಿಲಕ?”

“ಅದೂ ಹಾಕ್ದೆ.”

ತಲೆಯಾಡಿಸಿದರು. ಆರಿಹೋಗಿದ್ದ ಅನ್ನವನ್ನು ಎಳೆದುಕೊಂಡು ನಿಧಾನವಾಗಿ, ಪೂರ್ತಿ ಉಂಡರು. ನಾನು ಹೊರಡುವಾಗ ಕಣ್ಣು ಮುಚ್ಚಿದ್ದರು. ಅದೇ ಕೊನೆಯ ಭೇಟಿ.

ಅವರು ಹೋದದ್ದು ಆ ವಾರದ ಗುರುವಾರ ಬೆಳಿಗ್ಗೆ. ಆರೈಕೆ ಕೇಂದ್ರದ ಕಾಗದದಲ್ಲಿದ್ದದ್ದು ಟೆಕ್ಸಸ್ಸಿನಲ್ಲಿರುವ ತಮ್ಮನ ಮಗನ ಹೆಸರೊಂದೇ. ಆತ ಬಂದು, ಮಾಡಬೇಕಾದ್ದನ್ನು ಮಾಡಿ ಮುಗಿಸಿ, ಭಾನುವಾರ ಸಂಜೆ ದೊಡ್ಡಪ್ಪನ ಫೋನಿನಲ್ಲಿದ್ದ ನಂಬರುಗಳಿಗೆ ಒಂದೊಂದಾಗಿ ತಿಳಿಸಿದ. ಮೊದಲು ವಿಲ್ಫ್ರೆಡ್, ಆಮೇಲೆ ನಾನು. ಆತ ಒಳ್ಳೆಯ ಹುಡುಗ. ತಡವಾದದ್ದಕ್ಕೆ ಎರಡು ಸಲ ಸಾರಿ ಕೇಳಿದ. ಆಮೇಲೆ, ಮಧ್ಯಾಹ್ನ ನೀವು ಕಾಲ್ ಮಾಡಿದ್ರಿ, ಎತ್ತೋದ್ರೊಳಗೆ ಕಟ್ ಆಯ್ತು, ಏನಾದ್ರೂ ಹೇಳೋದಿತ್ತಾ ಎಂದು ಕೇಳಿದ.

ಆ ಭಾನುವಾರವೂ ನಾನು ಕೆರೆಯ ದಾರಿಗೆ ಹೋಗಿದ್ದೆ. ಮನೆಗೆ ಬಂದು, ಬಾಗಿಲು ಹಾಕಿ, ರಿಂಗು ಕೊಟ್ಟಿದ್ದೆ. ಯಾರೂ ಎತ್ತಲಿಲ್ಲ. ಅವರು ಎಂದೂ ಎತ್ತುತ್ತಿರಲಿಲ್ಲವಲ್ಲ. ಮಾನಪ್ಪನವರು ಊಟಕ್ಕೆ ಕೂತರು ಎಂದುಕೊಂಡು ನಾನೂ ಬಡಿಸಿಕೊಂಡು ಉಂಡೆ, ಉಂಡು ಮಲಗಿದೆ.